ಪ್ರತಿಕ್ರಿಯೆ: ಮಗು ಬಲಗೈ ಎತ್ತುತ್ತಿಲ್ಲ ಎಂದು ಕೇಳಿದವರಿಗೆ

ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡಿತ್ತು, 3 ವಾರವಾದರೂ ಮಗು ಬಲಗೈ ಎತ್ತುತ್ತಿಲ್ಲ, ಎಣ್ಣೆ ಹಚ್ಚಿ ನೀವಿದರೆ ಸರಿಹೋಗುತ್ತಾ ಎಂದು ಕೇಳಿದ್ದೀರಿ. ನೀವು ಬರೆದ ಹಾಗೆ ತೋಳು ಒಳಕ್ಕೆ ತಿರುಗಿ, ಮೊಣಕೈ ಮಡಚದೆ, ಬೆರಳು ಮಾತ್ರ ಆಡುತ್ತಿದ್ದರೆ ಅದು ಎರ್ಬ್ಸ್ ಪಾಲ್ಸಿ ಇರಬಹುದು. ಕುತ್ತಿಗೆಯಿಂದ ಕೈಗೆ ಬರುವ 5 ನರಗಳಲ್ಲಿ ಮೇಲಿನ ಎರಡಕ್ಕೆ ಜಗ್ಗಿ ಪೆಟ್ಟಾಗಿರುತ್ತದೆ. ಕಾಲರ್ ಬೋನ್ ಮುರಿದಿದ್ದರೂ ಮಗು ಕೈ ಆಡಿಸುವುದಿಲ್ಲ. ಅದನ್ನು ನೋಡಿದ್ದಾರಾ ಎಂದು ಡಾಕ್ಟರನ್ನು ಕೇಳಿ.

ನರ ಬರೀ ಜಗ್ಗಿದ್ದರೆ ಹೆಚ್ಚಿನ ಮಕ್ಕಳಿಗೆ ತಾನಾಗಿಯೇ ವಾಸಿಯಾಗುತ್ತದೆ. ಹರಿದಿದ್ದರೆ ಆಗುವುದಿಲ್ಲ. ಯಾವುದು ಎಂದು ಮೇಲ್ನೋಟಕ್ಕೆ ಗೊತ್ತಾಗದು. ಹಾಗಾಗಿಯೇ ಡಾಕ್ಟರುಗಳು ಮೊಣಕೈ ಯಾವಾಗ ಮಡಚುತ್ತದೆ ಎಂದು ಗಮನಿಸುತ್ತಾರೆ. ತಿಂಗಳಾದರೂ ಪೂರ್ತಿ ಸರಿಹೋಗದಿದ್ದರೆ ಈ ನರಗಳ ಆಪರೇಷನ್ ಮಾಡುವ ತಜ್ಞರಿಗೆ ಒಮ್ಮೆ ತೋರಿಸಿಬಿಡಿ. 3 ತಿಂಗಳಿಗೂ ಮಡಚದಿದ್ದರೆ ಆಪರೇಷನ್ ಮಾತು ಬರಬಹುದು. "ವರ್ಷ ತುಂಬಲಿ, ನೋಡೋಣ" ಅನ್ನುವವರು ಎಲ್ಲ ಮನೆಯಲ್ಲೂ ಇರುತ್ತಾರೆ ಅಲ್ವಾ, ಅವರ ಮಾತು ಕೇಳಬೇಡಿ. ತಡವಾದಷ್ಟೂ ಸ್ನಾಯು ಸೊರಗುತ್ತದೆ. ಇಡೀ ಕೈ ಜೋತುಬಿದ್ದು, ಅದೇ ಕಡೆಯ ರೆಪ್ಪೆಯೂ ಇಳಿಬಿದ್ದಿದ್ದರೆ ಪೆಟ್ಟು ದೊಡ್ಡದು, ತಿಂಗಳೂ ಕಾಯಬೇಡಿ.

ಇನ್ನು ಎಣ್ಣೆ. ಪೆಟ್ಟಾಗಿರುವುದು ಕುತ್ತಿಗೆಯ ನರಕ್ಕೆ, ಕೈ ನೀವಿದರೆ ಅದು ಕೂಡಿಕೊಳ್ಳುವುದಿಲ್ಲ. ಸುಮ್ನೆ ಮೆಲ್ಲಗೆ ಹಚ್ಚಿದರೆ ತೊಂದರೆಯಿಲ್ಲ, ಆದರೆ ನೀರು ಹಾಕುವ ಅಜ್ಜಿಗೆ ಕೈ ಹಿಡಿದು ಜಗ್ಗಬೇಡಿ ಎಂದು ಹೇಳಿ. ನೀರು ಜಾಸ್ತಿ ಬಿಸಿ ಬೇಡ, ಆ ಕೈಗೆ ಸುಟ್ಟದ್ದು ಗೊತ್ತಾಗದೇ ಹೋಗಬಹುದು. ಫಿಸಿಯೋಥೆರಪಿಸ್ಟ್ ಹೇಳಿಕೊಡುವ ವ್ಯಾಯಾಮವನ್ನು ದಿನಾ ಮಾಡಿಸಿ, ಕೀಲು ಬಿಗಿಯದಿರಲು ಅದು ಬೇಕೇಬೇಕು. ಅಂಗಿ ಹಾಕುವಾಗ ನೋವಿರುವ ಕೈ ಮೊದಲು, ತೆಗೆಯುವಾಗ ಕೊನೆಗೆ.