ಚಪ್ಪಲಿ ಕಳಚಿದ್ದು ಕಾಲಿಗೇ ಗೊತ್ತಾಗಲಿಲ್ಲ

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. 11 ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮೊನ್ನೆ ಹೊಲದಿಂದ ಬಂದಾಗ ಎಡಗಾಲಲ್ಲಿ ಚಪ್ಪಲಿ ಇರಲಿಲ್ಲ. ಅವ್ವ ಕೇಳಿದ ಮೇಲೇ ಅವರಿಗೆ ಗೊತ್ತಾಗಿದ್ದು! ಬಲಗಾಲ ಹೆಬ್ಬೆರಳ ಬುಡದಲ್ಲಿ ಆಣಿ ಇದೆ, ಬ್ಲೇಡಿನಿಂದ ಹೆರೆದುಕೊಳ್ಳುತ್ತಾರೆ. ರಾತ್ರಿ ಅಂಗಾಲು ಉರಿ ಅಂತ ಬಿಸಿನೀರಲ್ಲಿ ಕಾಲಿಟ್ಟು ಕೂರುತ್ತಾರೆ. ಆಸ್ಪತ್ರೆಗೆ ಕರೆದರೆ “ನೋವ ಇಲ್ಲ ಅಂದಮ್ಯಾಲ ಡಾಕ್ಟರ್ ಯಾಕ?” ಅಂತಾರೆ. ಏನು ಮಾಡಲಿ?
– ಓದುಗ, ರೋಣ ತಾಲ್ಲೂಕು

ಉತ್ತರ: ನಿಮ್ಮ ಕಡೆಯ ಎರೆ ಮಣ್ಣು ಚಪ್ಪಲಿ ಎಳೆದುಕೊಳ್ಳುವುದು ಹೊಸದಲ್ಲ. ಆದರೆ ಮನೆ ತನಕ ಬರಿಗಾಲಲ್ಲಿ ನಡೆದದ್ದೇ ತಿಳಿಯಲಿಲ್ಲ ಅಂದರೆ ಕಾಲಿನ ಸ್ಪರ್ಶ ಹೋಗುತ್ತಿದೆ ಅಂತಲೇ ಲೆಕ್ಕ. ಬಹಳ ವರ್ಷ ಸಕ್ಕರೆ ಜಾಸ್ತಿ ಇದ್ದರೆ ನರಗಳು ಕೆಡುತ್ತವೆ. ಕೆಟ್ಟ ನರ ಸುಮ್ಸುಮ್ನೆ ಉರಿ, ಜೋಮು ಹುಟ್ಟಿಸುತ್ತದೆ. ನಿಜವಾಗಿ ಮುಳ್ಳು ಚುಚ್ಚಿದಾಗ ಮಾತ್ರ ಸುಮ್ಮನಿರುತ್ತದೆ. ನಿಮ್ಮ ತಂದೆ ಹೇಳುವ ಆ “ನೋವ ಇಲ್ಲ”ವೇ ಕಾಯಿಲೆ.

ಇವತ್ತು ರಾತ್ರಿಯೇ ಒಂದು ಪರೀಕ್ಷೆ ಮಾಡಿ. ಕಣ್ಣು ಮುಚ್ಚಿಸಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಗೆ ನಿಮ್ಮ ತೋರುಬೆರಳನ್ನು ಹಗುರಾಗಿ, ಒಂದೆರಡು ಸೆಕೆಂಡು ತಾಗಿಸಿ. ಒತ್ತಬೇಡಿ, ತಟ್ಟಬೇಡಿ. ಮುಟ್ಟಿದ್ದು ಎಡಕ್ಕೋ ಬಲಕ್ಕೋ ಅಂತ ಅವರೇ ಹೇಳಲಿ. ಆರರಲ್ಲಿ ಎರಡು ಕಡೆ ಗೊತ್ತಾಗದಿದ್ದರೂ ಸ್ಪರ್ಶ ಕಡಿಮೆಯಾಗಿದೆ ಅಂತ ತಿಳಿಯಿರಿ. ಹತ್ತು ಸಲ ಬಾಯಲ್ಲಿ ಹೇಳುವುದಕ್ಕಿಂತ ಇದನ್ನು ಕಂಡರೆ ಹಿರಿಯರು ಬೇಗ ಒಪ್ಪುತ್ತಾರೆ, ನಾನು ನೋಡಿದ್ದೇನೆ. ಆಸ್ಪತ್ರೆಯಲ್ಲಿ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಇದನ್ನೇ ಇನ್ನೂ ಸರಿಯಾಗಿ ಮಾಡುತ್ತಾರೆ. ಪಾದದ ನಾಡಿಯನ್ನೂ ಮುಟ್ಟಿ ನೋಡುತ್ತಾರೆ.

ಬಿಸಿನೀರು ಇವತ್ತಿಗೇ ನಿಲ್ಲಲಿ. ಅವರಿಗೆ ಹಿತ ಅನಿಸುವ ನೀರು ಕಾಲನ್ನು ಸುಟ್ಟು ಬೊಕ್ಕೆ ಎಬ್ಬಿಸಬಹುದು. ಸ್ನಾನದ ನೀರನ್ನೂ ಅವ್ವನೇ ಮೊಣಕೈ ಅದ್ದಿ ನೋಡಲಿ. ಉರಿಗೆ ಬೇರೆ ಮಾತ್ರೆಗಳಿವೆ, ಡಾಕ್ಟರನ್ನು ಕೇಳಿ.

ಇನ್ನು ಆಣಿ. ನನಗೆ ಹೆಚ್ಚು ಭಯ ಇದರದ್ದೇ. ಗಟ್ಟಿಯಾದ ಆ ಚರ್ಮ ಒಳಗೆ ಸಿಕ್ಕ ಹರಳಿನಂತೆ ಹೆಜ್ಜೆ ಹೆಜ್ಜೆಗೂ ಒತ್ತುತ್ತದೆ. ಮೇಲೆ ಗಟ್ಟಿ ಕಂಡರೂ ಅಡಿಯಲ್ಲಿ ಹುಣ್ಣಾಗುತ್ತಿರಬಹುದು. ಆಣಿಯೊಳಗೆ ಕಪ್ಪು ಅಥವಾ ಕೆಂಪು ಚುಕ್ಕೆ ಕಂಡರೆ ಅದು ರಕ್ತ, ಕಾಯಬೇಡಿ. ಬ್ಲೇಡು ಬೇಡ. ಮೆಡಿಕಲ್ ಶಾಪಿನ ಆಣಿ ಪಟ್ಟಿಯೂ ಬೇಡ, ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಊರಲ್ಲಿ ಎಕ್ಕದ ಹಾಲು ಹಚ್ಚು ಅನ್ನುವವರು ಇದ್ದೇ ಇರುತ್ತಾರೆ ಅಲ್ವಾ? ಅದಂತೂ ಬೇಡವೇ ಬೇಡ. ಆಣಿಯನ್ನು ಆಸ್ಪತ್ರೆಯಲ್ಲೇ ಹೆರೆಸಬೇಕು.

ಚರ್ಮಕ್ಕೆ ಗೊತ್ತಾಗದ್ದನ್ನು ಇನ್ನು ಕಣ್ಣೇ ನೋಡಬೇಕು. ದಿನಾ ರಾತ್ರಿ ಕಾಲು ತೊಳೆದು, ಬೆರಳ ಸಂದಿಯನ್ನೂ ಒರೆಸಿ, ಅಂಗಾಲಿನ ಕೆಳಗೆ ಕನ್ನಡಿ ಹಿಡಿಯಲಿ. ಕಣ್ಣು ಮಂಜಾಗಿದ್ದರೆ ನೀವೋ ಅವ್ವನೋ ನೋಡಿ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸಾಕು, ಆದರೆ ಬೆರಳ ಸಂದಿಗೆ ಹಚ್ಚಬಾರದು. ಅಲ್ಲಿ ಒದ್ದೆ ನಿಂತರೆ ಚರ್ಮ ಬಿರಿಯುತ್ತದೆ.

ಹವಾಯಿ ಚಪ್ಪಲಿ ಬಿಡಿಸಿ. ಜಾಲಿ ಮುಳ್ಳು ಅದನ್ನು ಸಲೀಸಾಗಿ ದಾಟುತ್ತದೆ. ಅಡಿ ಗಟ್ಟಿ, ಒಳಗೆ ಮೆತ್ತಗೆ, ಹಿಂದೆ ಪಟ್ಟಿ ಇರುವುದನ್ನು ಕೊಳ್ಳಿ. ಎಂಸಿಆರ್ (ಮೈಕ್ರೋ ಸೆಲ್ಯುಲರ್ ರಬ್ಬರ್ ಎಂಬ ಮೆತ್ತನೆಯ ರಬ್ಬರಿನ) ಚಪ್ಪಲಿ ಅಂತ ಕೇಳಿದರೆ ತೋರಿಸುತ್ತಾರೆ. ಸಂಜೆ ಕಾಲು ಸ್ವಲ್ಪ ಊದಿರುತ್ತದೆ, ಆಗಲೇ ಅಳತೆ ನೋಡಿ. ಹಾಕಿಕೊಳ್ಳುವ ಮುಂಚೆ ಒಳಗೆ ಕೈಯಾಡಿಸಲಿ. ಬೇಸಿಗೆಯಲ್ಲಿ ಗುಡಿಯ ಕಾದ ಕಲ್ಲಿನ ಮೇಲೆ ಬರಿಗಾಲ ಪ್ರದಕ್ಷಿಣೆ ಬೇಡ. ದೇವರು ಸಿಟ್ಟಾಗುವುದಿಲ್ಲ, ಬೆಳಿಗ್ಗೆ ತಂಪಿನಲ್ಲಿ ಹೋಗಿ ಬರಲಿ.

ಕೆಂಪು, ಬಾವು, ಬಿಸಿ, ಕೀವು, ವಾಸನೆ, ಕಪ್ಪಾಗುವುದು – ಇದರಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆ. ನಾಳೆ ಸಂತೆ ಮುಗಿಸಿ ಅನ್ನಬೇಡಿ. ಗಾಯವಿಲ್ಲದೆ ಒಂದು ಪಾದ ಮಾತ್ರ ಊದಿ ಬಿಸಿಯಾದರೂ ಅಷ್ಟೇ. ಆಗ ಒಳಗಿನ ಎಲುಬು ಕುಸಿಯುತ್ತಿರಬಹುದು.

ಸದ್ಯಕ್ಕೆ ಗದಗಿನ ಜಿಮ್ಸ್ ಆಸ್ಪತ್ರೆಗೋ ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರೆಗೋ ಈ ವಾರವೇ ಕರೆದೊಯ್ಯಿರಿ. ಆಮೇಲೆ 3ರಿಂದ 6 ತಿಂಗಳಿಗೊಮ್ಮೆ ಪಾದ ತೋರಿಸಿ. ಡಾಕ್ಟರ್ ಕೇಳದಿದ್ದರೂ ಚಪ್ಪಲಿ ಬಿಚ್ಚಿ ಕಾಲು ಮುಂದಿಡಿ. ಹಾಗೇ ಮನೆಯಲ್ಲಿ ಉಳಿದಿರುವ ಆ ಬಲಗಾಲ ಚಪ್ಪಲಿಯನ್ನು ಎಸೆಯದೆ ಜೊತೆಗೆ ತೆಗೆದುಕೊಂಡು ಹೋಗಿ. ಆಣಿ ಇರುವ ಕಡೆ ಅದು ಎಷ್ಟು ತಗ್ಗು ಬಿದ್ದಿದೆ ಅಂತ ಡಾಕ್ಟರ್ ನೋಡಲಿ.