ತಿಂಗಳ ಕೊನೆಗೆ ಅಕ್ಕಿ ಮುಗಿದಾಗ ಶುಗರ್ ಮಾತ್ರೆ ಏನು ಮಾಡೋದು?

ಓದುಗರ ಪ್ರಶ್ನೆಗೆ ಆಹಾರ ತಜ್ಞರ ಉತ್ತರ

ಪ್ರಶ್ನೆ: ನನಗೆ 52 ವರ್ಷ. ಮೂರು ಮನೆಗೆ ಅಡುಗೆ ಮಾಡುತ್ತೇನೆ. ಆರು ವರ್ಷದಿಂದ ಶುಗರ್ ಇದೆ. ಬೆಳಿಗ್ಗೆ ಮಾತ್ರೆ ನುಂಗಿ ಕೆಲಸಕ್ಕೆ ಹೊರಡುತ್ತೇನೆ. ಸೊಸೈಟಿ ಅಕ್ಕಿ ಬಂದ ಹೊಸದರಲ್ಲಿ ಊಟಕ್ಕೆ ತೊಂದರೆ ಇಲ್ಲ. ಇಪ್ಪತ್ತನೇ ತಾರೀಖು ದಾಟಿದರೆ ಬೆಳಗಿನ ತಿಂಡಿ ಇರಲ್ಲ. ಹನ್ನೊಂದು ಗಂಟೆ ಹೊತ್ತಿಗೆ ಕೈ ನಡುಗುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ. ಡಾಕ್ಟರು ಅನ್ನ ಬಿಡಿ ಅನ್ನುತ್ತಾರೆ. ಅನ್ನ ಬಿಟ್ಟು ಏನು ತಿನ್ನಲಿ?
– ಹೆಸರು ಬೇಡ, ಮಂಡ್ಯ

ಉತ್ತರ: ಅನ್ನದ ಮಾತು ಆಮೇಲೆ ಅಮ್ಮ. ಮೊದಲು ಆ ಹನ್ನೊಂದು ಗಂಟೆಯ ನಡುಕ ನೋಡೋಣ. ಶುಗರ್ ಕುಸಿದಾಗ ಹೀಗೇ ಆಗುತ್ತದೆ. ಏರಿದ ಶುಗರ್ ನಿಧಾನಕ್ಕೆ ಕೆಡಿಸುತ್ತದೆ, ಕುಸಿದ ಶುಗರ್ ಅರ್ಧ ಗಂಟೆಯಲ್ಲಿ ನೆಲಕ್ಕೆ ಬೀಳಿಸುತ್ತದೆ. ನೀವು ಒಲೆ ಮುಂದೆ ಕೆಲಸ ಮಾಡುವವರು ಬೇರೆ.

ನಿಮ್ಮ ಮಾತ್ರೆ ಯಾವುದು ಅಂತ ಬರೆದಿಲ್ಲ. ಮಾತ್ರೆ ಸ್ಟ್ರಿಪ್‌ನ ಹಿಂದೆ ಸಣ್ಣ ಅಕ್ಷರದಲ್ಲಿ ಔಷಧದ ಹೆಸರು ಇರುತ್ತದೆ. ಆಶಾ ಕಾರ್ಯಕರ್ತೆ ಹತ್ತಿರವೋ ಮೆಡಿಕಲ್ ಸ್ಟೋರ್‌ನಲ್ಲೋ ಓದಿಸಿ. ಬರೀ ಮೆಟ್‌ಫಾರ್ಮಿನ್ ಇದ್ದರೆ ಅದೊಂದರಿಂದಲೇ ಶುಗರ್ ಹೀಗೆ ಕುಸಿಯುವುದು ಅಪರೂಪ. ಜೊತೆಗೆ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಯಾವುದಾದರೂ ಇದ್ದರೆ ಕಾರಣ ಸಿಕ್ಕಿತು ಅಂತಲೇ ಲೆಕ್ಕ. ಈ ಮಾತ್ರೆಗಳು ಹೊಟ್ಟೆಗೆ ಊಟ ಬಿದ್ದಿದೆಯೋ ಇಲ್ಲವೋ ನೋಡುವುದಿಲ್ಲ, ಶುಗರ್ ಇಳಿಸುತ್ತಲೇ ಹೋಗುತ್ತವೆ. ಹಾಗಾಗಿ ತಿಂಡಿ ಇಲ್ಲದ ಬೆಳಿಗ್ಗೆ ಆ ಮಾತ್ರೆ ನುಂಗಬೇಡಿ. ಆ ವಾರವೇ ಡಾಕ್ಟರನ್ನು ನೋಡಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ಮಾತು ಹೊಂದುವುದಿಲ್ಲ, ಅವರು ಸ್ವಂತ ಲೆಕ್ಕದಲ್ಲಿ ನಿಲ್ಲಿಸಲೇಬಾರದು. ಊಟ ಕಡಿಮೆ ಆದ ದಿನ ಎಷ್ಟು ಹಾಕಿಕೊಳ್ಳಬೇಕು ಅಂತ ಮೊದಲೇ ಕೇಳಿ ಬರೆಸಿಕೊಳ್ಳಲಿ.

ಸೆರಗಿನ ತುದಿಯಲ್ಲಿ ಒಂದು ಅಚ್ಚು ಬೆಲ್ಲದ ಚೂರು ಗಂಟು ಹಾಕಿಕೊಂಡಿರಿ. ನಡುಕ ಬಂದ ಕೂಡಲೇ ಬೆಲ್ಲವನ್ನೋ, ಮೂರು ಟೀ ಚಮಚ ಸಕ್ಕರೆಯನ್ನೋ ನೀರಲ್ಲಿ ಕದಡಿ ಕುಡಿಯಿರಿ. ಕಾಲು ಗಂಟೆ ಕೂತು ನೋಡಿ. ತಗ್ಗದಿದ್ದರೆ ಇನ್ನೊಮ್ಮೆ. ಆಮೇಲೆ ಏನಾದರೂ ಊಟ ಮಾಡಲೇಬೇಕು. ಬಿಸ್ಕತ್ತಿನಿಂದ ಶುಗರ್ ಏರುವುದು ತಡ, ಅದನ್ನು ನಂಬಬೇಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು. ಇದನ್ನು ನೀವು ಕೆಲಸ ಮಾಡುವ ಮನೆಯವರಿಗೂ ಹೇಳಿಡಿ.

ಇನ್ನೊಂದು ಮಾತು. ಮನೆಯಲ್ಲಿ ದಿನಸಿ ಸಾಲುತ್ತಿಲ್ಲ ಅಂತ ಡಾಕ್ಟರಿಗೆ ಹೇಳಿದ್ದೀರಾ? ಹೇಳಿರಲ್ಲ ಅಂತ ನನ್ನ ಅಂದಾಜು. ತಿಂಗಳ ಮೊದಲ ವಾರ ರಕ್ತ ಪರೀಕ್ಷೆ ಮಾಡಿಸಿದರೆ ಶುಗರ್ ಜಾಸ್ತಿ ಕಾಣುತ್ತದೆ, ಮಾತ್ರೆ ಏರಿಸುತ್ತಾರೆ. ಅದೇ ಏರಿಸಿದ ಮಾತ್ರೆ ಕೊನೆಯ ವಾರ ಖಾಲಿ ಹೊಟ್ಟೆಗೆ ಬೀಳುತ್ತದೆ. ಇದು ನಮ್ಮೂರಿನ ಪಾಡು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳ ಲೆಕ್ಕ ತೆಗೆದ ಅಧ್ಯಯನವೊಂದು 2014ರಲ್ಲಿ ಬಂತು. ಬಡವರಲ್ಲಿ ಶುಗರ್ ಕುಸಿದು ಆಸ್ಪತ್ರೆ ಸೇರುವುದು ತಿಂಗಳ ಮೊದಲ ವಾರಕ್ಕಿಂತ ಕೊನೆಯ ವಾರ ಶೇ 27ರಷ್ಟು ಜಾಸ್ತಿ ಇತ್ತು. ಕೈಯಲ್ಲಿದ್ದ ದುಡ್ಡೂ ದಿನಸಿಯೂ ಒಟ್ಟಿಗೆ ಮುಗಿಯುವ ಹೊತ್ತು ಅದು. ನಾಚಿಕೆ ಬಿಟ್ಟು ಹೇಳಿ. ಊಟ ತಪ್ಪಿದರೂ ಅಷ್ಟಾಗಿ ಕುಸಿಯದ ಹಾಗೆ ಮಾತ್ರೆ ಬದಲಿಸಲು ಬರುತ್ತದೆ. ಮಾತ್ರೆಗೆ ಅಂಗಡಿಯಲ್ಲಿ ದುಡ್ಡು ಕೊಡುತ್ತಿದ್ದರೆ ಅದನ್ನೂ ಉಳಿಸಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರ, ನಮ್ಮ ಕ್ಲಿನಿಕ್, ಜಿಲ್ಲಾಸ್ಪತ್ರೆಗಳಲ್ಲಿ ಈ ಸಾಮಾನ್ಯ ಮಾತ್ರೆಗಳನ್ನು ಬಿಟ್ಟಿಯಾಗಿ ಕೊಡುತ್ತಾರೆ.

ಈಗ ಅನ್ನ. ಪೂರ್ತಿ ಬಿಡಬೇಕಾಗಿಲ್ಲ. ಬಿಡಿ ಅಂದವರು ಬದಲಿಗೆ ಏನು ತಿನ್ನಬೇಕು ಅಂತಲೂ ಹೇಳಬೇಕಿತ್ತು, ಅಲ್ವಾ? ತಲೆಗೆ 5 ಕೆಜಿ ಅಕ್ಕಿ ಅಂತ ಇಟ್ಟುಕೊಂಡು 30 ದಿನಕ್ಕೆ ಹಂಚಿದರೆ ದಿನಕ್ಕೆ 165 ಗ್ರಾಂ ಚಿಲ್ಲರೆ ಬರುತ್ತದೆ. ಎರಡು ಮೂರು ಹೊತ್ತಿಗೆ ಹಂಚಿಕೊಂಡರೆ ಶುಗರ್ ಇರುವವರಿಗೂ ಇದು ವಿಪರೀತ ಏನಲ್ಲ. ಅಕ್ಕಿ ಬಂದ ದಿನವೇ ಕೊನೆಯ ಹತ್ತು ದಿನದ ಪಾಲನ್ನು ಅಳೆದು ಬೇರೆ ಡಬ್ಬಕ್ಕೆ ಹಾಕಿ ಎತ್ತಿಡಿ.

ಮುದ್ದೆ ತಿಂದರೆ ಶುಗರ್ ಏರಲ್ಲ ಅನ್ನುವ ನಂಬಿಕೆ ನಿಮ್ಮ ಕಡೆ ಗಟ್ಟಿ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಅಕ್ಕಿಗಿಂತ ಎಷ್ಟೋ ಜಾಸ್ತಿ, ನಿಜ. ಆದರೆ ಪಿಷ್ಟ ಹೆಚ್ಚುಕಡಿಮೆ ಅಕ್ಕಿಯಷ್ಟೇ. ಎರಡು ದಪ್ಪ ಮುದ್ದೆ ನುಂಗಿದರೆ ಶುಗರ್ ಏರಿಯೇ ಏರುತ್ತದೆ. ತೆಳು ಅಂಬಲಿ ಇನ್ನೂ ಬೇಗ ಏರಿಸುತ್ತದೆ. ಒಂದು ಸಣ್ಣ ಮುದ್ದೆ, ಪಕ್ಕದಲ್ಲಿ ಜಾಸ್ತಿ ಕಾಳು-ಸೊಪ್ಪು. ಅಷ್ಟೇ ಸೂತ್ರ.

ಅದಕ್ಕೆ ಹೊಸ ಅಡುಗೆ ಕಲಿಯಬೇಕಾಗಿಲ್ಲ, ನಿಮ್ಮ ಉಪ್ಸಾರು ಇದೆಯಲ್ಲ. ಹುರುಳಿಯೋ ಅಲಸಂದೆಯೋ ಹೆಸರುಕಾಳೋ, ಜೊತೆಗೆ ದಂಟು, ನುಗ್ಗೆ, ಕೀರೆ, ಬೇಲಿಯಲ್ಲಿ ಸಿಕ್ಕ ಸೊಪ್ಪು. ಬೇಯಿಸಿ ಬಸಿದು, ಖಾರ ಕಲಸಿಕೊಂಡರೆ ಊಟ ಆಯಿತು. ಆದರೆ ಬಡಿಸುವಾಗ ಏನಾಗುತ್ತದೆ ನೋಡಿ. ಬಸಿದ ಕಾಳು, ಸೊಪ್ಪು ಗಂಡ ಮಕ್ಕಳ ತಟ್ಟೆಗೆ ಹೋಗುತ್ತದೆ. ಕೊನೆಗೆ ಕೂರುವ ಹೆಂಗಸಿಗೆ ಉಳಿಯುವುದು ಕಟ್ಟು, ಒಂದಿಷ್ಟು ಖಾರ, ಜೊತೆಗೆ ದೊಡ್ಡ ಅನ್ನದ ರಾಶಿ. ಶುಗರ್ ಇರುವುದು ನಿಮಗೆ. ಎರಡು ಸೌಟು ಕಾಳು ಮೊದಲೇ ನಿಮ್ಮ ತಟ್ಟೆಗೆ ಹಾಕಿಕೊಳ್ಳಿ. ಯಾರಾದರೂ ಕೇಳಿದರೆ ಡಾಕ್ಟರು ಹೇಳಿದ್ದಾರೆ ಅನ್ನಿ. ನನ್ನ ಹೆಸರು ಹೇಳಿದರೂ ಬೇಜಾರಿಲ್ಲ.

ತಿಂಡಿ ಇಲ್ಲದ ದಿನಕ್ಕೆ ಒಂದು ದಾರಿ: ಕೆಲಸಕ್ಕೆ ಹೋಗುವ ಹಾದಿಯಲ್ಲಿ ಇಂದಿರಾ ಕ್ಯಾಂಟೀನ್ ಇದ್ದರೆ ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ತಿಂಡಿ ಕೈಗೆ ಬಂದ ಮೇಲೆ ಮಾತ್ರೆ.

ಪ್ರಶ್ನೆ: ಸ್ನೇಹಿತರು ಸೇರಿ ತಿಂಗಳಿಗೊಮ್ಮೆ ನಮ್ಮ ಬಡಾವಣೆಯ ಬಡ ಕುಟುಂಬಗಳಿಗೆ ದಿನಸಿ ಕಿಟ್ ಕೊಡುತ್ತೇವೆ. ಅಕ್ಕಿ, ರವೆ, ಮೈದಾ, 2 ಕೆಜಿ ಸಕ್ಕರೆ, ಎಣ್ಣೆ ಇರುತ್ತದೆ. ತುಂಬಾ ಮನೆಗಳಲ್ಲಿ ಶುಗರ್ ಇರುವವರಿದ್ದಾರೆ ಅಂತ ಈಚೆಗೆ ಗೊತ್ತಾಯಿತು. ಅವರಿಗೆ ಓಟ್ಸ್, ಶುಗರ್ ಫ್ರೀ ಬಿಸ್ಕತ್ತು ಹಾಕಿ ಬೇರೆ ಕಿಟ್ ಮಾಡಬಹುದೇ?
– ಒಬ್ಬ ಕಾರ್ಯಕರ್ತ, ಮೈಸೂರು

ಉತ್ತರ: ಓಟ್ಸ್ ಬೇಡ, ಆ ಬಿಸ್ಕತ್ತಂತೂ ಬೇಡವೇ ಬೇಡ. ಸಕ್ಕರೆ ಹಾಕದಿದ್ದರೂ ಅದರಲ್ಲಿ ಮೈದಾ ಇದ್ದೇ ಇರುತ್ತದೆ, ದುಡ್ಡು ದಂಡ. ಬೇರೆ ಕಿಟ್ಟೂ ಬೇಡ. 'ಶುಗರ್ ಕಿಟ್' ಅಂತ ಚೀಟಿ ಅಂಟಿಸಿದ ಚೀಲ ಹಿಡಿದು ಬೀದಿಯಲ್ಲಿ ನಡೆಯಲು ಯಾರಿಗೆ ಇಷ್ಟ? ಎಲ್ಲರ ಕಿಟ್ಟನ್ನೇ ಬದಲಿಸಿ. ಶುಗರ್ ಇರುವವರಿಗೆ ಒಳ್ಳೆಯದಾದ ಊಟ ಮಕ್ಕಳಿಗೂ ಒಳ್ಳೆಯದೇ.

ರೇಷನ್ ಕಾರ್ಡ್ ಇರುವ ಮನೆಗೆ ಅಕ್ಕಿ ಸೊಸೈಟಿಯಿಂದ ಬರುತ್ತದೆ. ನಿಮ್ಮ ಕಿಟ್ಟಿನಲ್ಲಿ ಅದನ್ನೇ ಇನ್ನಷ್ಟು ಸುರಿಯುವ ಬದಲು, ಅಲ್ಲಿ ಸಿಗದ್ದನ್ನು ಕೊಡಿ. ಮೈದಾ ತೆಗೆಯಿರಿ. ಆ ಜಾಗಕ್ಕೆ ಹುರುಳಿ, ಅಲಸಂದೆ, ಹೆಸರುಬೇಳೆ, ಕಡ್ಲೇಕಾಯಿ ಬೀಜ ಬರಲಿ. ಹೆಸರುಬೇಳೆ ಮರೆಯಬೇಡಿ. ಗ್ಯಾಸ್ ಮುಗಿಯುತ್ತಾ ಬಂದ ಮನೆಯಲ್ಲಿ ಹುರುಳಿ ಬೇಯಿಸುತ್ತಾ ಕೂರಲು ಆಗುವುದಿಲ್ಲ, ಬೇಳೆ ಬೇಗ ಬೇಯುತ್ತದೆ. ಸಕ್ಕರೆ ಅರ್ಧ ಕೆಜಿ ಸಾಕು. ಪೂರ್ತಿ ತೆಗೆಯಬೇಡಿ, ಶುಗರ್ ಕುಸಿದಾಗ ಮನೆಯಲ್ಲಿ ಒಂದಿಷ್ಟು ಇರಬೇಕು. ಮೊಟ್ಟೆಗೂ ಸೊಪ್ಪಿಗೂ ಬಡಾವಣೆಯ ಅಂಗಡಿಯವರ ಜೊತೆ ಮಾತಾಡಿ ಕೂಪನ್ ಚೀಟಿ ಪದ್ಧತಿ ಮಾಡಿ. ನಿಮ್ಮ ಚೀಟಿ ತಂದವರಿಗೆ ಅಂಗಡಿಯವರು ಕೊಡಲಿ, ವಾರಕ್ಕೊಮ್ಮೆ ನೀವು ಲೆಕ್ಕ ಚುಕ್ತಾ ಮಾಡಿ. ಸೊಪ್ಪು ಚೀಲದಲ್ಲಿ ಬಾಡುವ ತಾಪತ್ರಯ ಇರಲ್ಲ.

ಯಾವಾಗ ಕೊಡುತ್ತೀರಿ ಅನ್ನುವುದೂ ಮುಖ್ಯ. ಒಂದನೇ ತಾರೀಖು ಬೇಡ, ಇಪ್ಪತ್ತರ ಆಸುಪಾಸು ಕೊಡಿ. ಮೇಲಿನ ಪತ್ರ ಓದಿದರೆ ಯಾಕೆ ಅಂತ ಗೊತ್ತಾಗುತ್ತದೆ. ಫೋಟೋ ತೆಗೆಯುವ ಅಭ್ಯಾಸ ಇದ್ದರೆ ಅದನ್ನು ಮಾತ್ರ ಬಿಟ್ಟುಬಿಡಿ.

ಇಷ್ಟೆಲ್ಲ ಮಾಡಿದರೂ ಎಲ್ಲರ ಶುಗರ್ ಸರ್‌ ಅಂತ ಇಳಿದುಬಿಡುತ್ತದೆ ಅಂದುಕೊಳ್ಳಬೇಡಿ. ಬಡವರಿಗೆ ಬಿಟ್ಟಿ ದಿನಸಿ ಹಂಚುವ ಅಮೆರಿಕದ ಫುಡ್ ಬ್ಯಾಂಕುಗಳಲ್ಲಿ ಶುಗರ್ ಇರುವವರಿಗೆ ಸರಿಹೊಂದುವ ದಿನಸಿ, ತಪಾಸಣೆ, ತಿಳಿವಳಿಕೆ ಮೂರನ್ನೂ ಸೇರಿಸಿ ಕೊಟ್ಟು ನೋಡಿದ್ದಾರೆ. ಊಟದ ಕೊರತೆ ಕಡಿಮೆ ಆಯಿತು, ತರಕಾರಿ ತಿನ್ನುವುದು ಹೆಚ್ಚಿತು. ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಹಸಿವು ತಪ್ಪಿದ್ದೇ ಸಾಕಷ್ಟು ದೊಡ್ಡದು ಅನ್ನುವವಳು ನಾನು. ಔಷಧದ ವಿಚಾರ ನೋಡಿಕೊಳ್ಳಲು ಹತ್ತಿರದ ಆರೋಗ್ಯ ಕೇಂದ್ರದ ನರ್ಸ್ ಒಬ್ಬರು ಕಿಟ್ ಕೊಡುವ ದಿನ ಬಂದು ಕೂರುವ ಹಾಗೆ ಕೇಳಿಕೊಳ್ಳಿ.

ಪ್ರಶ್ನೆ: ಸೊಸೈಟಿ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಬರುತ್ತಿದೆ, ನೀರಿಗೆ ಹಾಕಿದರೆ ತೇಲುತ್ತದೆ. ನಮ್ಮ ತಂದೆಗೆ ಶುಗರ್ ಇದೆ. ಆರಿಸಿ ಬಿಸಾಡಿ ಅಡುಗೆ ಮಾಡುತ್ತಿದ್ದೇವೆ. ಸರಿಯಾ?
– ಓದುಗರು, ನಂಜನಗೂಡು

ಉತ್ತರ: ಬಿಸಾಡಬೇಡಿ, ಅದು ಪ್ಲಾಸ್ಟಿಕ್ ಅಲ್ಲ, ಪೋಷಕಾಂಶ ಸೇರಿಸಿದ ಅಕ್ಕಿ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಕಲಸಿ ಮತ್ತೆ ಕಾಳಿನ ಆಕಾರಕ್ಕೆ ಒತ್ತಿರುತ್ತಾರೆ. ನೂರು ಕಾಳಿಗೆ ಒಂದರಂತೆ ಬೆರೆಸುತ್ತಾರೆ. ಶುಗರ್ ಮಟ್ಟಿಗೆ ಬೇರೆ ಅಕ್ಕಿಗೂ ಇದಕ್ಕೂ ವ್ಯತ್ಯಾಸ ಇಲ್ಲ. ಜಾಸ್ತಿ ಸಲ ತೊಳೆಯಬೇಡಿ, ಗಂಜಿ ಬಸಿದು ಚೆಲ್ಲಬೇಡಿ. ನಿಮ್ಮ ತಂದೆಯವರು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಮೈಯಲ್ಲಿ ಬಿ12 ಕಡಿಮೆ ಆಗಿರಬಹುದು. ಆ ಮಾತ್ರೆಗೆ ಅಂಥ ಗುಣ ಇದೆ, ಅಕ್ಕಿಯಲ್ಲಿರುವ ಅಷ್ಟಿಷ್ಟು ಬಿ12 ಅದನ್ನು ಪೂರ್ತಿ ತುಂಬಿಕೊಡುವುದಿಲ್ಲ. ಪಾದ ಜುಮ್ಮೆನ್ನುತ್ತಿದ್ದರೆ ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಬಿ12 ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ.