ಸೀಸದ ಧೂಳು ಮತ್ತು ಎರಡು ವರ್ಷದ ಮಗು

ಪ್ರಶ್ನೆ: ನಮ್ಮ ಮನೆಯ ಹತ್ತಿರ ಹಳೆಯ ಬ್ಯಾಟರಿ ಕರಗಿಸಿ ಸೀಸ ತೆಗೆಯುವ ಕಾರ್ಖಾನೆಯಿದೆ. ನನ್ನ ಪತಿ ಅಲ್ಲೇ ಕೆಲಸಕ್ಕೆ ಹೋಗುತ್ತಾರೆ. ಎರಡು ವರ್ಷದ ಮಗಳು ಚೆನ್ನಾಗಿಯೇ ಆಡಿಕೊಂಡಿದ್ದಾಳೆ. ಆದರೂ ಪರೀಕ್ಷೆ ಮಾಡಿಸಬೇಕೆ? ಏರ್ ಪ್ಯೂರಿಫೈಯರ್ ಇಟ್ಟರೆ ಸಾಕೆ?

ಉತ್ತರ: ಖಂಡಿತ ಮಾಡಿಸಿ. ಹೊಟ್ಟೆನೋವು, ವಾಂತಿ, ಮಂಕುತನ ಕಾಣಿಸುವ ಹೊತ್ತಿಗೆ ರಕ್ತದಲ್ಲಿ ಸೀಸ ಬಹಳ ಏರಿರುತ್ತದೆ. ಅದಕ್ಕಿಂತ ಎಷ್ಟೋ ಕಡಿಮೆ ಮಟ್ಟದಲ್ಲೇ ಕಲಿಕೆ, ಏಕಾಗ್ರತೆಗೆ ಪೆಟ್ಟು ಬೀಳುತ್ತದೆ.

ರಕ್ತದಲ್ಲಿನ ಸೀಸದ ಪ್ರಮಾಣದ ಪರೀಕ್ಷೆಯನ್ನೇ ಕೇಳಿ. ಕೂದಲಿನ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಹೆಚ್ಚು ಬಂದರೆ, ರಕ್ತನಾಳದಿಂದ ತೆಗೆಸಿ ಖಚಿತಪಡಿಸಿಕೊಳ್ಳಿ. ಚರ್ಮಕ್ಕೆ ಅಂಟಿದ ಧೂಳೂ ಫಲಿತಾಂಶವನ್ನು ಏರಿಸಬಲ್ಲದು. ಒಂದು ಡೆಸಿಲೀಟರ್ (100 ಮಿಲಿಲೀಟರ್) ರಕ್ತಕ್ಕೆ 5 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದರೆ ಸೀಸ ಎಲ್ಲಿಂದ ಬರುತ್ತಿದೆಯೆಂದು ಹುಡುಕಿ ತಡೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ಹಾಗೆಂದು 4 ಬಂದರೆ ನಿಶ್ಚಿಂತೆ ಎಂದಲ್ಲ. ಸುರಕ್ಷಿತ ಮಟ್ಟ ಎಂಬುದೇ ಇಲ್ಲ. ಸೀಸವನ್ನು ಹೊರಹಾಕುವ ಔಷಧಿ ಸಾಮಾನ್ಯವಾಗಿ 45 ದಾಟಿದ ಮಕ್ಕಳಿಗೆ, ಅದೂ ಆಸ್ಪತ್ರೆಯ ನಿಗಾದಲ್ಲಿ. 'ವಿಷ ತೆಗೆಯುವ' ಪುಡಿ, ಕಷಾಯಗಳ ಗೋಜಿಗೆ ಹೋಗಬೇಡಿ. ಕೆಲವು ಪುಡಿಗಳಲ್ಲಿ ಸೀಸವೇ ಇರುತ್ತದೆ.

ಇನ್ನು ಪ್ಯೂರಿಫೈಯರ್. ಅದು ತೇಲುವ ಧೂಳನ್ನು ಹಿಡಿಯುತ್ತದೆ, ನೆಲಕ್ಕೆ ಕೂತದ್ದನ್ನಲ್ಲ. ಈ ವಯಸ್ಸಿನ ಮಗುವಿಗೆ ಸೀಸ ಹೆಚ್ಚಾಗಿ ಸೇರುವುದು ನೆಲದಿಂದ ಕೈಗೆ, ಕೈಯಿಂದ ಬಾಯಿಗೆ. ನುಂಗಿದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳಬಲ್ಲದು. ಒಣ ಪೊರಕೆ ಬಿಡಿ, ಗುಡಿಸಿದರೆ ಧೂಳು ಎದ್ದು ಮತ್ತೆ ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಸಾಬೂನು ನೀರಿಗೊಂದು, ಬಟ್ಟೆ ಜಾಲಿಸಲು ಇನ್ನೊಂದು ಬಕೆಟ್ ಇರಲಿ. ಕಿಟಕಿಯ ಅಂಚು ಮರೆಯಬೇಡಿ. ಊಟಕ್ಕೆ ಮುಂಚೆ, ಮಲಗುವ ಮುಂಚೆ ಮಗುವಿನ ಕೈ ಸಾಬೂನು ಹಾಕಿ ತೊಳೆಯಿರಿ. ಸ್ಯಾನಿಟೈಸರ್ ಸೀಸ ತೆಗೆಯದು.

ಕಾರ್ಖಾನೆಯ ಚಿಮಣಿಗಿಂತ ನಿಮ್ಮ ಪತಿಯ ಬಟ್ಟೆಯ ಬಗ್ಗೆ ನಮಗೆ ಹೆಚ್ಚು ಆತಂಕ. ಕೆಲಸದ ಜಾಗದಲ್ಲೇ ಸ್ನಾನ ಮಾಡಿ, ಬಟ್ಟೆ, ಬೂಟು ಬದಲಿಸಿ ಬರುವುದು ಸರಿ. ಆಗದಿದ್ದರೆ ಬಾಗಿಲಲ್ಲೇ ಬೂಟು ಬಿಟ್ಟು, ಬಟ್ಟೆಯನ್ನು ಕೊಡವದೆ ಚೀಲಕ್ಕೆ ಹಾಕಿ, ತಲೆಗೂ ನೀರು ಹಾಕಿಕೊಂಡ ಮೇಲಷ್ಟೇ ಮಗುವನ್ನು ಎತ್ತಿಕೊಳ್ಳಲಿ. ಆ ಬಟ್ಟೆಯನ್ನು ಪ್ರತ್ಯೇಕವಾಗಿ ಒಗೆಯಿರಿ.

ಮಗುವಿನ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ) ಕೂಡ ನೋಡಿಸಿ. ಕಬ್ಬಿಣಾಂಶ, ಕ್ಯಾಲ್ಸಿಯಂ ಕಡಿಮೆಯಿದ್ದರೆ ಸೀಸ ಹೆಚ್ಚು ಒಳಸೇರುತ್ತದೆ. ಕುಡಿಯುವ ನೀರಿನಲ್ಲಿ ಸೀಸವಿದ್ದರೆ, ಕುದಿಸಿದರೂ ಅದು ಹೋಗುವುದಿಲ್ಲ.

ಮೊದಲ ಫಲಿತಾಂಶ ಹೆಚ್ಚಿದ್ದರೆ, ವೈದ್ಯರು ಅದರ ಮಟ್ಟ ನೋಡಿ ಮರುಪರೀಕ್ಷೆಯ ದಿನ ಹೇಳುತ್ತಾರೆ. ಸ್ವಲ್ಪವೇ ಏರಿದ್ದರೆ ಒಂದರಿಂದ ಮೂರು ತಿಂಗಳು. ಮೂಳೆಯಲ್ಲಿ ಕೂತ ಸೀಸ ರಕ್ತಕ್ಕೆ ಮರಳುತ್ತಿರುವುದರಿಂದ ನಿಧಾನವಾಗಿ ಇಳಿಯುವುದು ಸಹಜ. ಇಳಿಯುವ ಬದಲು ಏರಿದರೆ ಸೀಸ ಇನ್ನೂ ಎಲ್ಲಿಂದಲೋ ಬರುತ್ತಿದೆ ಎಂದೇ ಅರ್ಥ. ಪತಿಯ ರಕ್ತವನ್ನು ಮಾತ್ರ ಅಲ್ಲಿಯವರೆಗೆ ಕಾಯದೆ ಮಗುವಿನ ಜೊತೆಗೇ ಪರೀಕ್ಷಿಸಿ.